ಸ್ಟೆಂಟಿಗೆ ಬೆಲೆ ಕಟ್ಟಿದರು, ತೊಡೆಸಂದಿನ ತೂತಿನ ಲೆಕ್ಕ ಯಾರು ಕೇಳಬೇಕು?

ಹೊಸಬಾಳೆಯ ನಮ್ಮ ದೊಡ್ಡಪ್ಪನಿಗೆ ಹೃದಯಾಘಾತವಾದದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಎದೆ ಹಿಡಿದುಕೊಂಡು ಕೂತವರನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಇಸಿಜಿ ತೆಗೆದರು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ದೊಡ್ಡ ಊರಿಗೆ ಕಳಿಸಿದರು. ಮರುದಿನ ಸ್ಟೆಂಟ್ ಹಾಕಿದರು. ಇಷ್ಟೆಲ್ಲ ಸರಿಯಾಗಿಯೇ ನಡೆಯಿತು. ಹತ್ತು ವರ್ಷದ ಹಿಂದಾಗಿದ್ದರೆ ಅವರನ್ನು ಅರ್ಧ ದಾರಿಯಿಂದಲೇ ವಾಪಸು ತರಬೇಕಾಗುತ್ತಿತ್ತೇನೋ.

ತೊಂದರೆಯಾದದ್ದು ಮನೆಗೆ ಬಂದ ಮೂರನೇ ದಿನ, ಬೆಳಗಿನ ಜಾವ, ಪಾಯಖಾನೆಯಲ್ಲಿ. ಕುಕ್ಕರಗಾಲಿನಲ್ಲಿ ಕೂತವರಿಗೆ ಬಲ ತೊಡೆಸಂದಿನಲ್ಲಿ ಬೆಚ್ಚಗೆ ಏನೋ ಇಳಿದಂತಾಯಿತಂತೆ. ಎದ್ದು ನೋಡಿದರೆ ಪಂಚೆ ಒದ್ದೆ. ದೊಡ್ಡಮ್ಮ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ರಕ್ತ ಹೊರಗೆ ನಿಂತಿತು, ಒಳಗೆ ನಿಲ್ಲಲಿಲ್ಲ. ನಾವು ಹೋಗಿ ನೋಡುವಷ್ಟರಲ್ಲಿ ಅಲ್ಲಿ ಲಿಂಬೆಹಣ್ಣಿನ ಗಾತ್ರದ ಗಡ್ಡೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೂಸಂಬಿಯಷ್ಟಾಗಿತ್ತು.

ಅಲ್ಲಿದ್ದ ನರ್ಸಮ್ಮ ಒಬ್ಬರು ಏನೂ ಮಾತಾಡದೆ ದೊಡ್ಡಪ್ಪನನ್ನು ಅಂಗಾತ ಮಲಗಿಸಿ, ಕಾಲು ನೀಡಿಸಿ, ಮೂರು ಬೆರಳು ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದರು. "ಅಜ್ಜ, ಕಾಲು ಮಡಚ್ಬೇಡಿ, ಕೆಮ್ಮಬೇಡಿ" ಎನ್ನುತ್ತ ಅರ್ಧ ಗಂಟೆ ಹಾಗೇ ನಿಂತಿದ್ದರು. ಡ್ಯೂಟಿ ಡಾಕ್ಟರು ಡಿಸ್ಚಾರ್ಜ್ ಹಾಳೆ ತಿರುವಿ ಹಾಕಿದರು. ಸ್ಟೆಂಟಿನ ಉದ್ದ ಎಷ್ಟು, ಅಗಲ ಎಷ್ಟು, ಯಾವ ಕಂಪನಿ, ಎಲ್ಲ ಇತ್ತು. ತೊಡೆಯಲ್ಲಿ ತೂತು ಮಾಡಿದ್ದನ್ನು ಹೇಗೆ ಮುಚ್ಚಿದರು ಎಂಬುದು ಇರಲಿಲ್ಲ. ಅದು ಸಿಕ್ಕಿದ್ದು ಬಿಲ್ಲಿನಲ್ಲಿ. ಕೈಗವಸು, ಸಿರಿಂಜುಗಳ ನಡುವೆ "ಕ್ಲೋಶರ್ ಡಿವೈಸ್ – 1" ಎಂದು ಒಂದು ಸಾಲು, ಪಕ್ಕದಲ್ಲಿ ಐದಂಕಿಯ ಮೊತ್ತ. ಹಣ ಕಟ್ಟಿದ ನಮಗೆ ಅದೇನೆಂದು ಗೊತ್ತಿರಲಿಲ್ಲ. ಮೈಯೊಳಗೆ ಇಟ್ಟುಕೊಂಡಿದ್ದ ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ತೂತಿನಿಂದಲೇ ಶುರು ಮಾಡೋಣ. ಹೃದಯದ ನಾಳಕ್ಕೆ ಬಲೂನು, ಸ್ಟೆಂಟು ಒಯ್ಯಲು ಎದೆ ಕೊಯ್ಯುವುದಿಲ್ಲ. ಮಣಿಕಟ್ಟಿನ ಇಲ್ಲವೇ ತೊಡೆಸಂದಿನ ಅಪಧಮನಿಗೆ ಸೂಜಿ ಚುಚ್ಚಿ, ಅದರ ದಾರಿಯಲ್ಲಿ ತಂತಿ, ತಂತಿಯ ಮೇಲೆ ಕೊಳವೆ ಹಾಯಿಸುತ್ತಾರೆ. ಕೆಲಸ ಮುಗಿದು ಕೊಳವೆ ತೆಗೆದಾಗ ನಾಳದ ಗೋಡೆಯಲ್ಲಿ ಎರಡರಿಂದ ಎರಡೂವರೆ ಮಿಲಿಮೀಟರಿನ ತೂತು ಉಳಿಯುತ್ತದೆ. ಅಪಧಮನಿಯೆಂದರೆ ಹೃದಯ ಬಡಿದಂತೆ ಒತ್ತಡದಲ್ಲಿ ರಕ್ತ ನುಗ್ಗುವ ನಾಳ. ತೊಡೆಸಂದಿನದು ಕಿರುಬೆರಳಿನ ದಪ್ಪಕ್ಕೂ ಇರಬಹುದು.

ಅದನ್ನು ಮುಚ್ಚುವ ಹಳೆಯ ದಾರಿ ಕೈ. ಹದಿನೈದು ಇಪ್ಪತ್ತು ನಿಮಿಷ ಒತ್ತಿ ಹಿಡಿದು, ಆಮೇಲೆ ನಾಲ್ಕಾರು ತಾಸು ಕಾಲು ಅಲ್ಲಾಡಿಸದೆ ಮಲಗಿಸುವುದು. 1990ರ ದಶಕದ ಮಧ್ಯದಲ್ಲಿ ಇದಕ್ಕೆಂದೇ ಸಾಧನಗಳು ಮಾರುಕಟ್ಟೆಗೆ ಬಂದವು. ಆಂಜಿಯೋ-ಸೀಲ್ ಎಂಬುದರಲ್ಲಿ ನಾಳದ ಒಳಗೋಡೆಗೆ ಚಪ್ಪಟೆಯಾಗಿ ಕೂರುವ ಒಂದು ಸಣ್ಣ ಅಂಕುಶ, ಹೊರಗಡೆ ಕೊಲಾಜಿನ್ನಿನ ಪ್ಲಗ್, ಎರಡನ್ನೂ ಬಿಗಿಯುವ ದಾರ. ಮೂರೂ ಸುಮಾರು 90 ದಿನದಲ್ಲಿ ಮೈಯೊಳಗೇ ಕರಗುತ್ತವೆ. ಪರ್‌ಕ್ಲೋಸ್ ಎಂಬುದು ನಾಳಕ್ಕೇ ಹೊಲಿಗೆ ಹಾಕುತ್ತದೆ. ನಿಟಿನಾಲ್ ಲೋಹದ ಕ್ಲಿಪ್ ಹಾಕುವುದಿದೆ, ಹೊರಗಿನಿಂದ ಮಾತ್ರ ಪ್ಲಗ್ ಒತ್ತುವ ಎಕ್ಸೋಸೀಲ್ ಇದೆ. ಕೆಲವನ್ನು ಹಾಕಿದ ಮೇಲೆ ಒಂದೆರಡು ತಾಸಿನಲ್ಲೇ ರೋಗಿಯನ್ನು ಎಬ್ಬಿಸಿ ನಡೆಸಬಹುದು.

ಆಂಜಿಯೋ-ಸೀಲ್‌ನ ಕೊಲಾಜಿನ್ ದನದಿಂದ ತೆಗೆದದ್ದು. ಜೀವ ಉಳಿಸಲು ಹಾಕಿದ್ದಕ್ಕೆ ನಮ್ಮ ದೊಡ್ಡಪ್ಪನ ತಕರಾರೇನೂ ಇರುತ್ತಿರಲಿಲ್ಲ ಎಂದೇ ನಮ್ಮ ನಂಬಿಕೆ. ಆದರೆ ದನದ ಪದಾರ್ಥಕ್ಕೆ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಬೇಕೆಂದು ತಯಾರಕರೇ ಬರೆದಿರುತ್ತಾರೆ. ನಮ್ಮ ಕಡೆ ಯಾರನ್ನೂ ಹಾಗೆ ಕೇಳಿದ್ದು ನಾವು ಕೇಳಿಲ್ಲ.

ಇನ್ನು ಏಡಿ ಬಿಲದ ವಿಷಯ. ಗದ್ದೆ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬದುವಿನಲ್ಲಿ ಏಡಿ ತೂತು ಮಾಡಿದರೆ ನೀರು ಹೊರಬೀಳುವ ಕಡೆ ಮಾತ್ರ ಮಣ್ಣು ಮೆತ್ತಿ ಸುಮ್ಮನಾಗುವುದಿಲ್ಲ. ನೀರು ಒಳಹೋಗುವ ಬಾಯಿ ಹುಡುಕಿ ಅಲ್ಲಿ ತುಳಿಯುತ್ತೇವೆ. ಇಲ್ಲದಿದ್ದರೆ ಬದುವಿನ ಹೊಟ್ಟೆಯೊಳಗೇ ನೀರು ತುಂಬಿ ಇಡೀ ಬದು ಕುಸಿಯುತ್ತದೆ. ತೊಡೆಸಂದಿನಲ್ಲೂ ಅಷ್ಟೇ. ಸೂಜಿ ಓರೆಯಾಗಿ ಮೇಲ್ಮುಖವಾಗಿ ಹೋಗಿರುತ್ತದೆ, ಆದ್ದರಿಂದ ಚರ್ಮದ ತೂತಿಗಿಂತ ನಾಳದ ತೂತು ಒಂದೆರಡು ಸೆಂಟಿಮೀಟರ್ ಮೇಲಿರುತ್ತದೆ. ಚರ್ಮದ ಮೇಲೆ ಅರಿಶಿನ, ಕಾಫಿಪುಡಿ ಒತ್ತಿದರೆ ಹೊರಬಾಯಿ ಮುಚ್ಚಿದಂತಾಯಿತು, ಒಳಗೆ ರಕ್ತ ಹರಿಯುತ್ತಲೇ ಇರುತ್ತದೆ. ಆ ನರ್ಸಮ್ಮ ಬೆರಳಿಟ್ಟದ್ದು ತೂತಿನ ಮೇಲಲ್ಲ, ಅದಕ್ಕಿಂತ ಸ್ವಲ್ಪ ಮೇಲೆ. ದೊಡ್ಡಮ್ಮನಿಗೆ ಇದೊಂದನ್ನು ಯಾರಾದರೂ ಕನ್ನಡದಲ್ಲಿ ಹೇಳಿ ಕಳಿಸಿದ್ದರೆ ಮೂಸಂಬಿಯ ಕಥೆ ಇರುತ್ತಿರಲಿಲ್ಲ.

ಪ್ಲಗ್ ಕೈಕೊಟ್ಟಿತೋ, ಮೂರನೇ ದಿನಕ್ಕೇ ಕುಕ್ಕರಗಾಲಿನಲ್ಲಿ ಕೂತದ್ದೇ ಕಾರಣವೋ, ತೀರ್ಮಾನ ಮಾಡಲು ನಾವು ವೈದ್ಯರಲ್ಲ. ಸಾಧನಗಳ ಮೇಲೆ ನಮಗೆ ದ್ವೇಷವೂ ಇಲ್ಲ. ಹೃದಯದ ಕವಾಟವನ್ನೇ ತೊಡೆಯ ದಾರಿಯಲ್ಲಿ ಬದಲಿಸುವ ಚಿಕಿತ್ಸೆಗೆ ಐದಾರು ಮಿಲಿಮೀಟರಿನ ತೂತು ಬೇಕು. ಹೊಲಿಗೆ ಹಾಕುವ ಇಂಥ ಸಾಧನಗಳಿಲ್ಲದಿದ್ದರೆ ಅದಕ್ಕೆ ನಾಳವನ್ನು ಕೊಯ್ದು ತೆರೆಯಬೇಕಾಗುತ್ತಿತ್ತು. ನಮ್ಮ ಪ್ರಶ್ನೆ ಸಾಮಾನ್ಯ ಆಂಜಿಯೋಗ್ರಾಂ, ಸ್ಟೆಂಟಿನದು. ಅಲ್ಲಿ ಪ್ಲಗ್ ಹಾಕಿದರೆ ಹೆಚ್ಚು ಸುರಕ್ಷಿತವೇ?

ಜರ್ಮನಿಯಲ್ಲಿ ನಡೆದ ಇಸಾರ್-ಕ್ಲೋಶರ್ ಎಂಬ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೊಡೆಸಂದಿನಿಂದ ಆಂಜಿಯೋಗ್ರಾಂ ಮಾಡಿಸಿಕೊಂಡ 4,524 ಜನರಲ್ಲಿ ಕೆಲವರಿಗೆ ಸಾಧನ, ಕೆಲವರಿಗೆ ಬರಿಗೈ ಒತ್ತಡ. ಚುಚ್ಚಿದ ಜಾಗದ ತೊಡಕು ಸಾಧನದವರಲ್ಲಿ 100ಕ್ಕೆ 6.9, ಕೈಯವರಲ್ಲಿ 7.9. ಕೈಗಿಂತ ಸಾಧನ ಕಡಿಮೆಯೇನಲ್ಲ ಎಂದು ಹೇಳಲು ಅಷ್ಟು ಸಾಕು, ಬಹಳ ಮೇಲು ಎನ್ನಲು ಸಾಲದು. ದೊಡ್ಡ ವ್ಯತ್ಯಾಸ ಇದ್ದದ್ದು ಸಮಯದಲ್ಲಿ. ರಕ್ತ ನಿಲ್ಲಲು ಸಾಧನಕ್ಕೆ ಸುಮಾರು ಒಂದು ನಿಮಿಷ, ಕೈಗೆ ಸುಮಾರು ಹತ್ತು. ಅಂದರೆ ಆ ಐದಂಕಿಯ ಮೊತ್ತಕ್ಕೆ ಮುಖ್ಯವಾಗಿ ಸಿಕ್ಕುವುದು ಸಮಯ. ಸಿಬ್ಬಂದಿಗೆ ನಿಂತು ಒತ್ತುವ ಕೆಲಸವಿಲ್ಲ, ಹಾಸಿಗೆ ಬೇಗ ಖಾಲಿ, ರೋಗಿಗೆ ಬೆನ್ನು ನೋವು ಕಡಿಮೆ. ರೋಗಿಗೂ ಅದರಲ್ಲಿ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಪಾಲು ಆಸ್ಪತ್ರೆಗೆ, ಬಿಲ್ಲು ಪೂರ್ತಿ ನಮಗೆ!

ಸಮಯ ಉಳಿತಾಯ ಎಂಬುದು ನಗರದಲ್ಲಿ ಒಂದು ಅರ್ಥ, ಹೊಸಬಾಳೆಯಲ್ಲಿ ಇನ್ನೊಂದು. ಆಸ್ಪತ್ರೆಯ ಪಕ್ಕದ ಬಡಾವಣೆಯವರು ಬೇಗ ಡಿಸ್ಚಾರ್ಜ್ ಆದರೆ ಲಿಫ್ಟಿನಲ್ಲಿ ಮನೆಗೆ ಹೋಗಿ ಕಮೋಡಿನ ಮೇಲೆ ಕೂರುತ್ತಾರೆ. ನಮ್ಮವರು ಓಮ್ನಿಯಲ್ಲಿ ಮಂಡಿ ಮಡಚಿ ಕೂತು, ಹಂಪು ಹೊಂಡ ಹಾರಿ, ಬರುತ್ತಾರೆ. ಅಷ್ಟೂ ಇಲ್ಲದವರಿಗೆ ಸರ್ಕಾರಿ ಬಸ್ಸಿನ ಎತ್ತರದ ಮೆಟ್ಟಿಲು. ಸೊರಬ, ಶಿಕಾರಿಪುರ ಎರಡೂ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಮನೆಗೆ ಬಂದರೆ ನೆಲದ ಪಾಯಖಾನೆ, ನೆಲದ ಮೇಲೆ ಊಟ, ಹೊಸಿಲು ದಾಟಿ ದಾಟಿ ಒಳಮನೆ. ಕೊಯ್ಲಿನ ಕಾಲವಾದರೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಮಂಡಿ ಮಡಚಿ ಕೂರುವವರೇ. ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ "ಭಾರ ಎತ್ತಬೇಡಿ" ಎಂದಿತ್ತು. ದೊಡ್ಡಪ್ಪ ಭಾರ ಎತ್ತಲಿಲ್ಲ. ಕೂತು ಅಡಿಕೆ ಸುಲಿದರು. ಹಾಳೆ ಬರೆದವರ ಕಲ್ಪನೆಯಲ್ಲಿ ಅಡಿಕೆ ಸುಲಿಯುವ ರೋಗಿ ಇರಲೇ ಇಲ್ಲ.

ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತೊಡೆಯೇ ಯಾಕೆ, ಕೈ ಯಾಕಲ್ಲ?

ಮಣಿಕಟ್ಟಿನಿಂದ ಹೃದಯ ಮುಟ್ಟುವ ದಾರಿಯನ್ನು ಕೆನಡಾದ ಲೂಸಿಯಾಂ ಕಾಂಪೊ 1989ರಲ್ಲಿ ವರದಿ ಮಾಡಿದರು. 1992ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಫರ್ಡಿನಾಂಡ್ ಕೀಮೆನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿದರು. ಮಣಿಕಟ್ಟಿನ ನಾಳ ಸಣ್ಣದು, ಚರ್ಮದ ಕೆಳಗೇ ಇದೆ, ಹಿಂದೆ ಎಲುಬಿನ ಆಸರೆ ಇದೆ. ಗಾಳಿ ತುಂಬಿದ ಒಂದು ಪಟ್ಟಿ ಕಟ್ಟಿದರೆ ಸಾಕು, ಪ್ಲಗ್ಗೂ ಬೇಡ, ಹೊಲಿಗೆಯೂ ಬೇಡ. ರೋಗಿ ಎದ್ದು ಓಡಾಡಬಹುದು, ರಕ್ತ ಜಿನುಗಿದರೂ ಕಣ್ಣಿಗೆ ಕಾಣುತ್ತದೆ. ತೊಡೆಯಲ್ಲಿ ಹಾಗಲ್ಲ. ರಕ್ತ ಹೊಟ್ಟೆಯ ಹಿಂಭಾಗಕ್ಕೆ ಇಳಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಸೊಂಟ ನೋವು, ಬೆವರು, ತಲೆ ತಿರುಗು, ಬಿಪಿ ಕುಸಿತ, ಅಷ್ಟೇ ಸೂಚನೆ. ಊರಿನಲ್ಲಿ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟಾರು. ಹೃದಯಾಘಾತದಂಥ ತುರ್ತಿನಲ್ಲಿ ಬಂದ 8,404 ಜನರ ಮೇಲೆ ನಡೆದ ಮೇಟ್ರಿಕ್ಸ್ ಅಧ್ಯಯನ 2015ರಲ್ಲಿ ಪ್ರಕಟವಾದಾಗ, ಕೈಯಿಂದ ಮಾಡಿದವರಲ್ಲಿ ದೊಡ್ಡ ರಕ್ತಸ್ರಾವವೂ ಸಾವೂ ಕಡಿಮೆ ಎಂದು ಕಂಡಿತು.

ಎಲ್ಲರಿಗೂ ಕೈಯಿಂದ ಆಗುವುದಿಲ್ಲ. ಕೆಲವರ ನಾಳ ತೀರಾ ಸಣ್ಣ, ಕೆಲವರದು ಸುತ್ತಿಕೊಂಡಿರುತ್ತದೆ. ಡಯಾಲಿಸಿಸ್‌ನವರಿಗೆ ಕೈಯ ನಾಳವನ್ನು ಫಿಸ್ಟುಲಾಕ್ಕೆಂದು ಕಾಪಾಡಿಡಬೇಕು. ದೊಡ್ಡಪ್ಪನದೂ ಅಂಥ ಕಾರಣವೇ ಇದ್ದಿರಬಹುದು. ಇದ್ದರೆ ಹೇಳಬೇಕಿತ್ತು.

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೆಚ್ಚು ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಒಳ್ಳೆಯ ಯೋಜನೆ, ಅದಿಲ್ಲದಿದ್ದರೆ ದೂರದ ಊರುಗಳವರ ಗತಿ ಬೇರೆ. ಆದರೆ ಆ ಇಂಜೆಕ್ಷನ್ ಹೃದಯದ ಹೆಪ್ಪನ್ನು ಮಾತ್ರ ಹುಡುಕಿ ಕರಗಿಸುವುದಿಲ್ಲ, ಮೈಯಲ್ಲಿ ಎಲ್ಲಿ ಹೆಪ್ಪು ಕಟ್ಟಬೇಕೋ ಅಲ್ಲೂ ಕಟ್ಟಲು ಬಿಡುವುದಿಲ್ಲ. ಅದರ ಮೇಲೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಹೆಪಾರಿನ್. ಆ ಸ್ಥಿತಿಯಲ್ಲಿ ಹೋದ ರೋಗಿಯ ತೊಡೆಸಂದು ಚುಚ್ಚಿದರೆ ರಕ್ತ ಸೋರುವ ಭಯ ಮಾಮೂಲಿಗಿಂತ ಹೆಚ್ಚು. ಬೆಂಗಳೂರಿನವರು ಎದೆನೋವು ಬಂದೊಡನೆ ನೇರ ಕ್ಯಾಥ್‌ಲ್ಯಾಬಿಗೆ ಹೋಗಬಲ್ಲರು. ಇಂಜೆಕ್ಷನ್ ಮಾಡಿಸಿಕೊಂಡು, ತಾಸುಗಟ್ಟಲೆ ಆಂಬುಲೆನ್ಸಿನಲ್ಲಿ ಕೂತು ಹೋಗುವವರು ನಮ್ಮವರು. ಆದ್ದರಿಂದ ಕೈಯ ದಾರಿ ಮೊದಲು ಸಿಗಬೇಕಾದದ್ದೂ, ತೊಡೆಯಾದರೆ ಹೆಚ್ಚು ಹೊತ್ತು ನಿಗಾ ಸಿಗಬೇಕಾದದ್ದೂ ನಮ್ಮವರಿಗೇ.

ಹಣದ ವಿಷಯಕ್ಕೆ ಬಂದರೆ, ಸ್ಟೆಂಟಿನ ಕಥೆ ಎಲ್ಲರಿಗೂ ಗೊತ್ತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಲಕ್ಷದ ಮೇಲೆ ತೆಗೆದುಕೊಳ್ಳುತ್ತಿದ್ದವರು ಒಂದೇ ರಾತ್ರಿಯಲ್ಲಿ ಇಳಿಯಬೇಕಾಯಿತು. ಅದೇ ಆದೇಶದಲ್ಲಿ ಇನ್ನೊಂದು ಒಳ್ಳೆಯ ಮಾತಿತ್ತು. ಸ್ಟೆಂಟಿನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ, ಬ್ರಾಂಡ್ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರ್ ಸಮೇತ ಕಾಣಿಸಬೇಕು. ದೊಡ್ಡಪ್ಪನ ಬಿಲ್ಲಿನಲ್ಲಿ ಸ್ಟೆಂಟಿನ ಜಾತಕ ಅಷ್ಟು ಅಚ್ಚುಕಟ್ಟಾಗಿ ಇದ್ದದ್ದು ಇದೇ ಕಾರಣಕ್ಕೆ. ಪ್ಲಗ್ಗಿಗೆ ಆ ಮಿತಿಯೂ ಇಲ್ಲ, ಆ ಜಾತಕವೂ ಇಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನಡಿ ಬಂದಿವೆ ಎನ್ನುವುದು ನಿಜ. ಅದರ ಪ್ರಕಾರ ಎಂಆರ್‌ಪಿಯನ್ನು ವರ್ಷಕ್ಕೆ 10 ಶೇಕಡಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಎಲ್ಲಿಂದ ಏರಿಸುತ್ತಾರೆ ಎಂಬುದಕ್ಕೆ ಮಾತ್ರ ತಡೆ ಇಲ್ಲ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಪ್ಯಾಕೇಜ್ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡ, ಅದೂ 1.5 ಲಕ್ಷದ ಮಿತಿಯಲ್ಲಿ. ಎರಡು ಎಕರೆ ಅಡಿಕೆ ತೋಟ ಇದ್ದರೆ ಸಾಕು, ಎಲೆಚುಕ್ಕೆ ರೋಗ ಬಂದು ಮರ ಬೋಳಾದರೂ ಊರ ಕಣ್ಣಿಗೆ ಸಾಹುಕಾರ. ಇಂಥ ಎಪಿಎಲ್ ಸಾಹುಕಾರರೇ ಹೆಚ್ಚಾಗಿ ಈ ಐದಂಕಿಯ ಸಾಲಿಗೆ ಬೀಳುವವರು.

ಬೆಲೆ ಮಿತಿ ದೆಹಲಿಯ ಕೆಲಸ, ಅದಕ್ಕೆ ಕಾಯಬೇಕು. ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದದ್ದೂ ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ಎಷ್ಟು ಗಲಾಟೆಯಾಯಿತು, ವೈದ್ಯರು ಆಸ್ಪತ್ರೆ ಮುಚ್ಚಿ ಮುಷ್ಕರ ಹೂಡಿದ್ದು ಎಲ್ಲರಿಗೂ ನೆನಪಿದೆ. ಆ ಕಾಯ್ದೆಯಲ್ಲಿ ರೋಗಿಗಳ ಹಕ್ಕುಗಳ ಸನ್ನದಿದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಮೈಯೊಳಗೆ ಏನಿಟ್ಟಿದ್ದೇವೆ, ಎಷ್ಟು ದಿನ ಇರುತ್ತದೆ, ಏನಾದರೆ ಏನು ಮಾಡಬೇಕು ಎಂಬುದನ್ನು ಕನ್ನಡದ ಒಂದು ಚೀಟಿಯಲ್ಲಿ ಬರೆದು ಕೊಡಬೇಕು ಎಂದು ಆ ಪ್ರಾಧಿಕಾರ ಹೇಳಿದರೆ ಯಾವ ಆಸ್ಪತ್ರೆಯೂ ಮುಳುಗುವುದಿಲ್ಲ. ಎಷ್ಟೋ ಸಾಧನಗಳ ಪೆಟ್ಟಿಗೆಯೊಳಗೆ ರೋಗಿಗೆ ಕೊಡುವ ಕಾರ್ಡು ಇಟ್ಟೇ ಕಳಿಸಿರುತ್ತಾರೆ. ಅದು ರೋಗಿಯ ಕಿಸೆಗೆ ಬರುವುದಿಲ್ಲ ಅಷ್ಟೆ.

ಸುದ್ದಿ ಬರೆಯುವ ನಮ್ಮ ತಪ್ಪೂ ಇದೆ. ಕ್ಯಾಸನೂರು ಇದೇ ಸೊರಬ ತಾಲೂಕಿನದು. 1957ರಲ್ಲಿ ಅಲ್ಲಿ ಕಂಡ ಮಂಗನ ಕಾಯಿಲೆಯ ಬಗ್ಗೆ ಪ್ರತಿ ಬೇಸಿಗೆಗೂ ಬರೆಯುತ್ತೇವೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ನಾವೂ ದಿನಕ್ಕೊಂದು ಸಾವು ಕಳಿಸಿದೆವು, ಜಯದೇವ ಆಸ್ಪತ್ರೆಯ ಮುಂದಿನ ಸರದಿಯ ಫೋಟೊ ಹಂಚಿದೆವು. ಸಾವು ಸುದ್ದಿ, ಉದ್ಘಾಟನೆ ಸುದ್ದಿ. ಬದುಕಿ ಬಂದವರು ಮೂರನೇ ದಿನ ಪಾಯಖಾನೆಗೆ ಹೇಗೆ ಹೋಗಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಬರೆದಿರಲಿಲ್ಲ.

ದೊಡ್ಡಪ್ಪನನ್ನು ಮತ್ತೆ ದೊಡ್ಡ ಊರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ನಾಳದ ಪಕ್ಕ ರಕ್ತದ ಗುಳ್ಳೆ ಕಟ್ಟಿತ್ತು. ಸ್ಕ್ಯಾನಿನಲ್ಲಿ ನೋಡುತ್ತಲೇ ಅದಕ್ಕೆ ಇಂಜೆಕ್ಷನ್ ಕೊಟ್ಟು ಹೆಪ್ಪುಗಟ್ಟಿಸಿದರು. ಈ ನಡುವೆ ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ರಕ್ತ ಸೋರಿದ್ದೇ ತಡ, ದೊಡ್ಡಮ್ಮ "ರಕ್ತ ತೆಳು ಮಾಡೋ ಮಾತ್ರೆಯಿಂದಲೇ ಹಿಂಗಾಗಿದ್ದು" ಎಂದು ಎರಡು ಹೊತ್ತಿನ ಮಾತ್ರೆ ಎತ್ತಿಟ್ಟಿದ್ದರು. ಹೊಸ ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಿ ಪ್ರಾಣ ಹೋಗಬಹುದು. ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಹೇಳಿದವರಿರಲಿಲ್ಲ.

ಆಮೇಲೆ ನಾವೇ ಒಂದು ರಟ್ಟಿನ ಮೇಲೆ ಬರೆದುಕೊಟ್ಟೆವು. ಬರೆದದ್ದನ್ನು ಹೃದಯ ತಜ್ಞರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡೆವು: "ಬಲ ತೊಡೆಸಂದಿನಲ್ಲಿ ಪ್ಲಗ್ ಇದೆ. ಹಾಕಿದ ತಾರೀಖು ಇಂಥದ್ದು. 90 ದಿನ ಆ ಜಾಗದಲ್ಲಿ ಮತ್ತೆ ಚುಚ್ಚುವ ಮೊದಲು ವೈದ್ಯರಿಗೆ ಈ ಚೀಟಿ ತೋರಿಸಿ. ರಕ್ತ ಬಂದರೆ ಅಥವಾ ಗಡ್ಡೆ ಎದ್ದರೆ ಅಂಗಾತ ಮಲಗಿ ಕಾಲು ನೀಡಿ. ತೂತಿಗಿಂತ ಸ್ವಲ್ಪ ಮೇಲೆ ಮೂರು ಬೆರಳಿಟ್ಟು ಬಿಡದೆ ಒತ್ತಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಲು ತಣ್ಣಗಾದರೆ, ಜೋಮು ಹಿಡಿದರೆ, ಬಿಳಚಿಕೊಂಡರೆ, ಜ್ವರ ಬಂದು ಜಾಗ ಕೆಂಪಾದರೆ, ಇದ್ದಕ್ಕಿದ್ದಂತೆ ಸೊಂಟ ನೋವು ಬಂದು ಬೆವರಿದರೆ ಕಾಯಬೇಡಿ. ಮಾತ್ರೆ ನಿಲ್ಲಿಸಬೇಡಿ."

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅಡಿಕೆ ಸುಲಿಯೋಕೆ ಯಾವಾಗ ಕೂರಬಹುದು ಅಂತ ಬರೆದೇ ಇಲ್ಲವಲ್ಲೋ" ಎಂದರು. ನಮಗೂ ಗೊತ್ತಿರಲಿಲ್ಲ. ತಜ್ಞರಿಗೆ ಮತ್ತೆ ಫೋನ್ ಮಾಡಿದೆವು. ಮೆಟ್ಟುಗತ್ತಿ ಅಂದರೇನು, ಅದರ ಮುಂದೆ ಹೇಗೆ ಕೂರುತ್ತಾರೆ ಎಂದು ಅವರಿಗೆ ವಿವರಿಸಲು ಐದು ನಿಮಿಷ ಹಿಡಿಯಿತು. ಗುಳ್ಳೆ ಪೂರ್ತಿ ಹೋಗಿದೆ ಎಂದು ಸ್ಕ್ಯಾನಿನಲ್ಲಿ ಕಾಣುವವರೆಗೆ ಕೂಡದು, ಆಮೇಲೂ ಮೊದಲು ಕುರ್ಚಿಯ ಮೇಲೆ ಎಂದರು. ಅದನ್ನೂ ರಟ್ಟಿನ ಹಿಂಬದಿಗೆ ಬರೆದೆವು.